ಗವಾಕ್ಷಿ ತೆರೆದಿಟ್ಟ ಡಾಕ್ಟರು

ಹೊರಗೆ ಹಿಮ ಬೀಳುತ್ತಿರುವಾಗ ಕೋಟು ಕಳಚಿ ಮರದ ಕೊಂಬೆಗೆ ನೇತುಹಾಕುವ, ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅದೇ ಕೋಟನ್ನು ಕತ್ತಿನ ಗುಂಡಿಯವರೆಗೂ ಬಿಗಿದು ಕೂರುವ ಮನುಷ್ಯರನ್ನು ನಾನು ಜೀವಮಾನದಲ್ಲಿ ಕಂಡದ್ದು ಒಬ್ಬರನ್ನೇ. ಅವರು ಡಾಕ್ಟರ್ ಹಾಲ್ವರ್ ಟ್ವೇಟನ್. ಕಂದು ಉಣ್ಣೆಯ ಕೋಟು, ಮೊಣಕೈಗಳಿಗೆ ಒಂದಕ್ಕೊಂದು ಹೊಂದದ ತೇಪೆಗಳು, ಜೇಬಿನಲ್ಲಿ ಸದಾ ನಾಲ್ಕಾರು ಲವಂಗ. ಸರೋವರದ ದಂಡೆಯ ಶಿಬಿರದಲ್ಲಿ, ಅವರ ಪಕ್ಕದ ಜಾಗದಲ್ಲಿ, ಕಾರಿಗೆ ಕಟ್ಟಿ ಎಳೆಯುವ ನನ್ನ ಟ್ರೇಲರ್ ಮನೆಯನ್ನು ನಿಲ್ಲಿಸಿದ ಮೊದಲ ವರ್ಷವೇ, ತಡೆಯಲಾರದೆ, ಇದೇನು ವಿಪರೀತ ಎಂದು ಕೇಳಿದ್ದೆ. "ಹೊರಗೆ ಸೌದೆ ಸೀಳ್ತೀನಿ, ಬೆವರು ಬರುತ್ತೆ. ಆ ಬೆವರೇ ಆಮೇಲೆ ತಣ್ಣಗಾಗಿ ಮನುಷ್ಯನ್ನ ತಿನ್ನೋದು. ಒಳಗೆ ಸುಮ್ನೆ ಕೂತಿರ್ತೀನಲ್ಲಯ್ಯ, ಕೋಟು ಬೇಕಾಗೋದು ಅಲ್ಲಿ," ಎಂದಿದ್ದರು. ತರ್ಕಕ್ಕೆ ತರ್ಕ ಸರಿಯಾಗಿತ್ತು. ನೋಡುವವರ ಕಣ್ಣಿಗೆ ಮಾತ್ರ ಅದು ಕಡೆಯವರೆಗೂ ಹುಚ್ಚಾಗಿಯೇ ಉಳಿಯಿತು.

ಅವರ ನಡಿಗೆಯೂ ಹಾಗೆಯೇ. ಪಾದಗಳನ್ನು ಹೊರಮುಖವಾಗಿ ತಿರುಗಿಸಿ, ಚಿಕ್ಕ ಚಿಕ್ಕ ಹೆಜ್ಜೆಯಿಟ್ಟು, ಮಂಜುಗಡ್ಡೆಯ ಮೇಲೆ ಜಾರದಂತೆ ನಡೆಯುವ ಕ್ರಮವೊಂದಿದೆಯಲ್ಲ, ಅದನ್ನವರು ಕಡುಬೇಸಿಗೆಯಲ್ಲೂ, ಚರ್ಚಿನ ರತ್ನಗಂಬಳಿಯ ಮೇಲೂ ಬಿಡುತ್ತಿರಲಿಲ್ಲ. ವೃತ್ತಿಯಿಂದ ದಂತವೈದ್ಯರು. ಅಮೆರಿಕದ ಉತ್ತರ ಮಿನೆಸೋಟದ ನಮ್ಮ ಪುಟ್ಟ ಪಟ್ಟಣದಲ್ಲಿ ಅವರ ಎದುರು ಬಾಯಿ ತೆರೆಯದವರಿಲ್ಲ. ಕುರ್ಚಿಯಲ್ಲಿ ಒರಗಿಸಿ, "ನೋವಾದ್ರೆ ಎಡಗೈ ಎತ್ತಿ, ತಕ್ಷಣ ನಿಲ್ಲಿಸ್ತೀನಿ," ಎನ್ನುತ್ತಿದ್ದರು. ಎತ್ತಿದರೆ ನಿಜವಾಗಿಯೂ ನಿಲ್ಲಿಸುತ್ತಿದ್ದರು. ಹಲ್ಲಿನ ಡಾಕ್ಟರುಗಳಲ್ಲಿ ಇದು ಅಪರೂಪದ ಸದ್ಗುಣ.

ನಮ್ಮ ಕಡೆ ಜನ ಮಾತಿನಲ್ಲಿ ಜಿಪುಣರು. ಮದುವೆಯೂಟ ಹೇಗಿತ್ತು ಎಂದರೆ "ಪರವಾಗಿಲ್ಲ," ಮೊಣಕಾಲಿನ ಆಪರೇಷನ್ ಹೇಗಾಯಿತು ಎಂದರೆ "ಪರವಾಗಿಲ್ಲ." ಆದರೆ ಈ ಪದವನ್ನು ಹಾಲ್ವರ್ ಬಳಸಿದಷ್ಟು ವಿಸ್ತಾರವಾಗಿ ಮತ್ತಾರೂ ಬಳಸಿರಲಾರರು. ಒಮ್ಮೆ ಬಿರುಗಾಳಿಗೆ ದೊಡ್ಡದೊಂದು ಪೈನ್ ಮರ ಅವರ ಕಾರಿನ ಹಿಂಭಾಗವನ್ನು ಅಪ್ಪಚ್ಚಿ ಮಾಡಿತು. ನಾವೆಲ್ಲ ಓಡಿ ಹೋಗಿ ನಿಂತರೆ ಅವರು ಒಂದು ಸುತ್ತು ಬಂದು, ಲವಂಗ ಬಾಯಿಗೆ ಹಾಕಿಕೊಂಡು, "ಪರವಾಗಿಲ್ಲ. ಹಿಂದಿನ ಸೀಟಲ್ಲಿ ಯಾರೂ ಕೂರ್ತಾನೇ ಇರ್ಲಿಲ್ಲ," ಎಂದರು.

ಸೆಪ್ಟೆಂಬರಿನ ಮೊದಲ ವಾರ ಕಳೆದರೆ ನಮ್ಮ ಸರೋವರದ ದಂಡೆಯ ಶಿಬಿರದಲ್ಲಿ ಮಕ್ಕಳ ಗಲಾಟೆ ಅಡಗುತ್ತದೆ. ಎಲೆ ಉದುರುವ ಹೊತ್ತಿಗೆ ನಲ್ಲಿಗಳ ನೀರು ನಿಲ್ಲಿಸುತ್ತಾರೆ. ಒಬ್ಬೊಬ್ಬರೇ ತಮ್ಮ ಟ್ರೇಲರಿನ ಕೊಳವೆಗಳಿಂದ ನೀರು ಬಸಿದು, ಹೆಪ್ಪುಗಟ್ಟದ ಗುಲಾಬಿ ದ್ರವ ತುಂಬಿಸಿ, ಬಾಗಿಲಿಗೆ ಬೀಗ ಜಡಿದು ಪಟ್ಟಣಕ್ಕೆ ಹೊರಡುತ್ತಾರೆ. ಉಳಿಯುವುದು ಹಾಲ್ವರ್ ಮತ್ತು ಅವರನ್ನು ನೋಡುವ ಚಟಕ್ಕೆ ಬಿದ್ದ ನಾನು. ಅವರ ಟ್ರೇಲರಿನ ಸುತ್ತ ನೆಲಕ್ಕೂ ತಳಕ್ಕೂ ನಡುವೆ ಗಾಳಿ ನುಗ್ಗದಂತೆ ಹುಲ್ಲಿನ ಪಿಂಡಿಗಳ ಗೋಡೆ ಏಳುತ್ತಿತ್ತು; ಬಕೆಟ್ಟುಗಳಲ್ಲಿ ನೀರು ಒಳಗೆ ಸೇರುತ್ತಿತ್ತು. ಇಷ್ಟೆಲ್ಲ ಮಾಡಿ, ಸೂರಿನ ನಡುವಿನ ಪುಟ್ಟ ಗವಾಕ್ಷಿಯನ್ನು ಮಾತ್ರ ಒಂದು ಗೇಣು ತೆರೆದಿಡುತ್ತಿದ್ದರು. ಹೊರಗೆ ಹಿಮ, ಒಳಗೆ ಹೀಟರು, ಮೇಲೆ ತೆರೆದ ಕಿಂಡಿ.

ಇದರ ಮರ್ಮ ನನಗೆ ತಿಳಿದದ್ದು ಒಂದು ಅಕ್ಟೋಬರಿನಲ್ಲಿ, ಹೊಸದಾಗಿ ಮದುವೆಯಾದ ಜೋಡಿಯೊಂದು ಮಿನಿಯಾಪೊಲಿಸ್ಸಿನಿಂದ ಬಂದು ತಮ್ಮ ಟ್ರೇಲರಿನ ಒಂದೊಂದು ಸಂದಿಗೂ ಟೇಪು ಅಂಟಿಸಿ ಮಲಗಿದಾಗ. ಬೆಳಿಗ್ಗೆ ಅವರ ಹಾಸಿಗೆ ತೊಟ್ಟಿಕ್ಕುತ್ತಿತ್ತು, ಗೋಡೆಗೆ ಮಂಜಿನ ಪದರ ಕಟ್ಟಿತ್ತು. ಸೂರು ಸೋರುತ್ತಿದೆ ಎಂದು ಆ ಹುಡುಗ ಮಾರಿದವನಿಗೆ ಫೋನಿನಲ್ಲಿ ಬೈಯುತ್ತಿದ್ದ. ಹಾಲ್ವರ್ ಹೋಗಿ ಗೋಡೆ ಮುಟ್ಟಿ ನೋಡಿ, "ಪಾಪ, ಅವನನ್ಯಾಕೆ ಬೈತೀಯ? ಇದು ನಿಮ್ಮಿಬ್ಬರ ಉಸಿರು," ಎಂದರು. ಆ ಹುಡುಗಿ ಕೆಂಪಗಾದಳು. ಒಳಗಿನ ಉಸಿರು ಹೊರಗೆ ಹೋಗಲು ದಾರಿ ಬೇಕು. ದಾರಿ ಬಿಡದೆ ಚಳಿಯನ್ನು ತಡೆಯುತ್ತೇನೆಂದು ಹೊರಟವನು ತನ್ನ ಉಸಿರಿನಲ್ಲೇ ನೆನೆಯುತ್ತಾನೆ. ನಮ್ಮಲ್ಲಿ ಹೊಸಬರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು ಇದು.

ನನ್ನ ಕುತೂಹಲ ಮಾತ್ರ ಬೇರೆಯಾಗಿತ್ತು. ಪಟ್ಟಣದಲ್ಲಿ ಬೆಚ್ಚನೆಯ ಮನೆಯಿದ್ದವರು ನವೆಂಬರಿನವರೆಗೂ ಈ ತಗಡಿನ ಪೆಟ್ಟಿಗೆಯಲ್ಲಿ ಯಾಕೆ ನಡುಗಬೇಕು? ತೀರಿಕೊಂಡ ಹೆಂಡತಿಯ ನೆನಪಿಗಿರಬೇಕು ಎಂದುಕೊಂಡೆ. ಆಕೆಗೆ ಟ್ರೇಲರ್ ಕಂಡರೆ ಆಗುತ್ತಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಯಾವುದೋ ಹರಕೆ ಇರಬಹುದು ಎಂದುಕೊಂಡೆ. ಅವರದು ಲೂಥರನ್ ಕ್ರೈಸ್ತ ಪಂಥ, ಅದರಲ್ಲಿ ಅಂಥ ಹರಕೆಗಳಿಲ್ಲ. ಬೇಟೆಯೂ ಇಲ್ಲ, ಮೀನೂ ಇಲ್ಲ. ಸರೋವರದ ಕಡೆಗೆ ಕುರ್ಚಿ ಹಾಕಿ ಕೂರುವುದೊಂದೇ. ನೇರವಾಗಿ ಕೇಳಿದರೆ, "ಕಾಫಿ ಆರಿ ಹೋಗುತ್ತೆ, ಕುಡಿ," ಎನ್ನುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು. ನಾನು ಪ್ರತಿವರ್ಷ ಕೇಳುತ್ತಿದ್ದೆ, ಪ್ರತಿವರ್ಷ ಕಾಫಿ ಕುಡಿಯುತ್ತಿದ್ದೆ.

ಹೋದ ವರ್ಷದ ನವೆಂಬರಿನಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ಕೆಮ್ಮು ಶುರುವಾದಾಗ ಪರವಾಗಿಲ್ಲ ಎಂದರು, ಜ್ವರ ಬಂದಾಗ ಪರವಾಗಿಲ್ಲ ಎಂದರು, ಕೊನೆಗೆ ನಾನೇ ಅವರನ್ನು ಕಾರಿಗೆ ಹತ್ತಿಸಿ ಆಸ್ಪತ್ರೆಗೆ ಸೇರಿಸಿದೆ. ಮಗಳು ಮಾರಿತ್ ಡುಲೂತ್ ನಗರದಿಂದ ಧಾವಿಸಿ ಬಂದಳು. ಅವಳು ದಾದಿ, ಉಸಿರಿಗೆ ಒದ್ದಾಡುವವರ ವಾರ್ಡಿನಲ್ಲೇ ಕೆಲಸ. ಹಾಗಾಗಿ ಈ ಶರತ್ಕಾಲ ಬಂದಾಗ ಅವಳು ಅಪ್ಪನಿಗೆ ಒಂದು ಕರಾರು ಹಾಕಿದಳು: ಚಳಿ ಬಿದ್ದ ಮೇಲೆ ಒಂದು ಶನಿವಾರ ಭಾನುವಾರ ತಾನು ಬಂದು ಅವರ ಜೊತೆ ಇರುವುದು, ಇದು ಕ್ಷೇಮವೆಂದು ತನ್ನ ಕಣ್ಣಿಗೆ ಕಂಡರೆ ಸರಿ, ಇಲ್ಲವಾದರೆ ಸೋಮವಾರ ಬೆಳಿಗ್ಗೆ ಪಟ್ಟಣದ ಒಬ್ಬ ಬಾತುಬೇಟೆಗಾರ ಟ್ರಕ್ಕು ತಂದು ಟ್ರೇಲರನ್ನು ಕೊಂಡು ಎಳೆದುಕೊಂಡು ಹೋಗುವುದು. ಹಾಲ್ವರ್ ಜಗಳವಾಡಲಿಲ್ಲ. "ನ್ಯಾಯವಾಗಿದೆ," ಎಂದರಂತೆ. ಅದನ್ನು ನನಗೆ ಹೇಳುವಾಗ ಲವಂಗವನ್ನು ಹಲ್ಲಿನಿಂದ ಹಲ್ಲಿಗೆ ಸಾಗಿಸುತ್ತಿದ್ದರು. ಹೆದರಿದ್ದಾರೆಂದು ನನಗೆ ಗೊತ್ತಾಯಿತು.

ಶನಿವಾರ ಅವರು ಪರೀಕ್ಷೆಗೆ ಕುಳಿತವರಂತೆಯೇ ಇದ್ದರು. ಕೋಟನ್ನು ಕೊಂಬೆಗೆ ಹಾಕಿ ಹುಲ್ಲಿನ ಪಿಂಡಿ ಸರಿಪಡಿಸಿದರು, ಗ್ಯಾಸಿನ ಸಿಲಿಂಡರ್ ಅಲುಗಿಸಿ ತೂಕ ನೋಡಿದರು, ಹೀಟರಿನ ವಿಷಗಾಳಿ ತುಂಬಿದರೆ ಕೂಗಿ ಎಚ್ಚರಿಸುವ ಯಂತ್ರವನ್ನು ಮಗಳ ಎದುರಿಗೇ ಒತ್ತಿ ಕೂಗಿಸಿದರು. ಮಾರಿತ್ ಕೈಕಟ್ಟಿ ನಿಂತು ನೋಡುತ್ತಿದ್ದಳು. ಅಪ್ಪನ ಗದ್ದ, ಅಪ್ಪನ ಮೌನ. ಸಂಜೆ ನಾನೂ ಅವರ ಮೇಜಿಗೆ ಸೇರಿದೆ. ಸರೋವರದಲ್ಲಿ ಬೆಳೆಯುವ ಕಾಡು ಅಕ್ಕಿಯ ಸಾರು, ಬೆಣ್ಣೆ ಸಕ್ಕರೆ ಸವರಿದ ಆಲೂಗಡ್ಡೆ ರೊಟ್ಟಿ. ಎಲ್ಲವೂ ಸುಸೂತ್ರವಾಗಿತ್ತು. ಹೊರಡುವಾಗ ಮಾರಿತ್ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದು ಮೆಲ್ಲಗೆ, "ನಾನು ಅಂದ್ಕೊಂಡಷ್ಟು ಕೆಟ್ಟದಾಗಿಲ್ಲ," ಎಂದಳು. ಅವಳ ಬಾಯಲ್ಲಿ ಅದು ಹೊಗಳಿಕೆಯೇ.

ಭಾನುವಾರ ಬೆಳಕು ಹರಿದ ಮೇಲೆ ನಾನು ಕಾಫಿಗೆ ನೀರು ಕುದಿಸುತ್ತಿದ್ದಾಗ ಅತ್ತ ಕಡೆಯಿಂದ ದಬದಬ ಬಡಿಯುವ ಸದ್ದು. ಓಡಿದೆ. ಅವರ ಬಾಗಿಲು ಒಳಗಿನಿಂದ ಅಲುಗುತ್ತಿತ್ತು, ತೆರೆಯುತ್ತಿರಲಿಲ್ಲ. ಚೌಕಟ್ಟಿನ ರಬ್ಬರಿಗೆ ಮಂಜು ಹಿಡಿದು ಬೆಸುಗೆ ಹಾಕಿದಂತಾಗಿತ್ತು. ನಾನು ಕುದಿವ ಕೆಟಲನ್ನೇ ಹಿಡಿದು ಬಂದಿದ್ದೆ, ಹಾಗೆಂದು ಕೂಗಿ ಹೇಳಿದೆ.

"ನೀರು ಹುಯ್ಯಬೇಡ ಮಾರಾಯ!" ಒಳಗಿನಿಂದ ಹಾಲ್ವರ್ ಕೂಗಿದರು. "ಅದೂ ಹೆಪ್ಪುಗಟ್ಟುತ್ತೆ. ಶಾಖ ಕೊಡೋ ರಬ್ಬರ್ ಚೀಲಕ್ಕೆ ತುಂಬಿ ಬಾಗಿಲಿನ ಅಂಚಿಗೆ ಒತ್ತಿ ಹಿಡಿ."

"ಚೆನ್ನಾಗಿದ್ದೀರಾ?"

"ಪರವಾಗಿಲ್ಲ."

ಬಾಗಿಲು ಬಿಡಲು ಬಹಳ ಹೊತ್ತು ಹಿಡಿಯಿತು. ಒಳಗೆ ಕಾಲಿಟ್ಟರೆ ಗೋಡೆಯೆಲ್ಲ ಬೆವೆತಿತ್ತು, ಹೊದಿಕೆಗಳು ಹಿಂಡುವಷ್ಟು ಒದ್ದೆ. ಅಪಾಯದಲ್ಲಿ ಹೊರಬೀಳಲೆಂದು ಇಟ್ಟ ಕಿಟಕಿಯೂ ಅಂಟಿಕೊಂಡಿತ್ತು. ತಲೆಯೆತ್ತಿ ನೋಡಿದೆ: ಗವಾಕ್ಷಿಯೊಳಗೆ ನೀಲಿ ಹೂವಿನ ದಿಂಬೊಂದನ್ನು ಬಿಗಿಯಾಗಿ ತುರುಕಿತ್ತು. ಅದು ಮಾರಿತ್ ಮನೆಯಿಂದ ತಂದ ದಿಂಬು. ನಾನು ಬಾಯಿ ತೆರೆಯುವ ಮೊದಲೇ ಹಾಲ್ವರ್ ಮಾತಾಡಿದರು.

"ನಾನೇ ಮುಚ್ಚಿದ್ದು. ನಿದ್ದೆಗಣ್ಣಲ್ಲಿ ಚಳಿ ಅನ್ನಿಸ್ತು. ವಯಸ್ಸಾಯ್ತು ನೋಡು, ಮರೀತೀನಿ."

ಆ ಮಾತಿನ ಬೆಲೆ ಏನೆಂದು ಅವರಿಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆಯ ಟ್ರಕ್ಕನ್ನು ಅವರೇ ಕರೆದಂತಾಯಿತು. ನನಗೆ ಮೈ ಉರಿಯಿತು. ಎಲ್ಲವನ್ನೂ ಸರಿಯಾಗಿ ಮಾಡಿದ ಮನುಷ್ಯ, ಮಾಡದ ಒಂದೇ ಒಂದು ತಪ್ಪನ್ನು ತಲೆಯ ಮೇಲೆ ಎಳೆದುಕೊಂಡು ಸೋಲುತ್ತಿದ್ದಾರಲ್ಲ ಎಂದು. ಮಾರಿತ್ ಒದ್ದೆ ಹಾಸಿಗೆಯ ಅಂಚಿನಲ್ಲಿ ಕುಳಿತಳು.

"ಅಪ್ಪ, ದಿಂಬು ತುರುಕಿದ್ದು ನಾನು. ನೀನು ಕೆಮ್ಮಿದ್ದು ಕೇಳಿಸ್ತು. ನೀನು ಎಚ್ಚರ ಇದ್ದೆ, ನಾನು ತುರುಕೋದನ್ನ ನೋಡ್ದೆ. ನನಗೆ ಗೊತ್ತು."

ಹಾಲ್ವರ್ ಕೋಟಿನ ಗುಂಡಿ ಮುಟ್ಟಿಕೊಂಡರು. "ನೀನು ಪ್ರೀತಿಯಿಂದ ಮಾಡಿದ್ದು. ಎದ್ದು ತೆಗೆದ್ರೆ ನಿನಗೆ ಬೇಜಾರಾಗುತ್ತೆ ಅಂತ."

"ಬೇಜಾರಾಗುತ್ತೆ ಅಂತ ಇಬ್ರೂ ಒಳಗೆ ಸಿಕ್ಕಿಹಾಕೊಂಡ್ವಾ?" ಅವಳ ದನಿ ಏರಿತು. "ನಂಗೆ ನಿನ್ನ ಚಳಿಯ ಭಯ ಇಲ್ಲ ಅಪ್ಪ, ನಿನ್ನೆ ನೋಡಿದೆ, ನನಗಿಂತ ಚೆನ್ನಾಗಿ ಗೊತ್ತು ನಿಂಗೆ. ನಂಗೆ ಭಯ ಇರೋದು ಇದಕ್ಕೆ. ಇಷ್ಟು ಸಲೀಸಾಗಿ ಸುಳ್ಳು ಹೇಳ್ತೀಯಲ್ಲ. ಎದೆ ನೋವಾದ್ರೂ ಹೀಗೇ ಹೇಳ್ತೀಯ. ಹೋದ ವರ್ಷ ಹೇಳ್ದೆಯಲ್ಲ! ನೋವಾದ್ರೆ ಕೈ ಎತ್ತಿ ಅಂತ ಊರಿಗೆಲ್ಲ ಬುದ್ಧಿ ಹೇಳಿದೋನು ನೀನು. ನೀನು ಯಾವತ್ತು ಎತ್ತಿದ್ದೀಯ?"

ಹಾಲ್ವರ್ ನನ್ನ ಕಡೆ ನೋಡಿದರು. ನಾನು ಕಾಫಿ ಆರಿಹೋಗುತ್ತದೆ ಎನ್ನಲಿಲ್ಲ. ಟ್ರೇಲರ್ ಮಾರುವುದು ಖಚಿತವೆಂದೇ ನನಗೆ ತೋರಿತು. ಅವಳ ಕೈಗೆ ಫೋನೂ ಬಂದಿತ್ತು.

"ಬೆಳಿಗ್ಗೆ ಹೊತ್ತು ಎದೆ ಹಿಡಿಯುತ್ತೆ," ಎಂದರು ಹಾಲ್ವರ್, ನೆಲ ನೋಡುತ್ತ. ಹೇಳಿದರೆ ಇದ್ದದ್ದೂ ಹೋಗುವ ಮಾತು ಅದು. "ಎಡಗಡೆ. ಬೇಸಿಗೆಯಿಂದ. ಡಾಕ್ಟರಿಗೆ ತೋರ್ಸಿಲ್ಲ." ಕಲ್ಲು ಎತ್ತಿದವರಂತೆ ಉಸಿರೆಳೆದರು. "ಆದ್ರೂ ನಂಗೆ ಇಲ್ಲಿರಬೇಕು ಮಾರಿತ್. ಸರೋವರ ಹೆಪ್ಪುಗಟ್ಟಿ ಮುಚ್ಚೋದನ್ನ ನೋಡಬೇಕು. ಯಾಕೆ ಅಂತ ಕೇಳಬೇಡ, ನಂಗೂ ಗೊತ್ತಿಲ್ಲ. ಇದನ್ನ ಮಾರಬೇಡ. ಕೇಳ್ತಿದ್ದೀನಿ ನಿನ್ನ."

ಮಾರಿತ್ ಅಳುತ್ತಿದ್ದಳು. "ಅಮ್ಮ ಸಾಯೋವರೆಗೂ ಕಾದಳು, ನೀನು ಏನಾದ್ರೂ ಒಂದು ಕೇಳ್ತೀಯ ಅಂತ," ಎಂದು, ಹೊರಗೆ ಹೋಗಿ ಬಾತುಬೇಟೆಗಾರನಿಗೆ ಫೋನು ಮಾಡಿ ಬರಬೇಡವೆಂದಳು. ಸೋಮವಾರ ಅಪ್ಪನನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಮಾತ್ರೆಗಳನ್ನು ತೆಗೆದುಕೊಂಡು ಇಬ್ಬರೂ ಹಿಂದಿರುಗಿದರು. ಅವಳೂ ರಜೆ ಹಾಕಿ ಉಳಿದಳು.

ಆ ವಾರವೇ, ಗಾಳಿ ನಿಂತ ಒಂದು ಬೆಳಿಗ್ಗೆ, ಸರೋವರ ಮುಚ್ಚಿತು. ಮೂವರೂ ದಂಡೆಯಲ್ಲಿದ್ದೆವು. ದಡದ ಬಳಿಯ ಅಲೆ ಸೋಮಾರಿಯಾಯಿತು, ಆಮೇಲೆ ನಿಂತಿತು. ನೀರಿನ ಮೇಲೆ ಬೂದುಬಣ್ಣದ ಕೆನೆಯೊಂದು ಹಬ್ಬಿ, ದೂರದಲ್ಲೆಲ್ಲೋ ಸಣ್ಣಗೆ ಚಿಟ್ಟೆಂದ ಸದ್ದು ಬಂತು.

"ಅಷ್ಟೇನಾ?" ಎಂದಳು ಮಾರಿತ್.

"ಅಷ್ಟೇ," ಎಂದರು ಹಾಲ್ವರ್, ತುಂಬ ಸಂತೋಷದಿಂದ.

ಇಷ್ಟು ವರ್ಷ ಕೇಳಿ ಕೇಳಿ ಸುಸ್ತಾದ ನನ್ನ ಪ್ರಶ್ನೆಗೆ ಸಿಕ್ಕ ಉತ್ತರವೂ ಅಷ್ಟೇ. ನನಗೆ ನಗು ಬಂತು. ಇಂಥವರು ಈ ಶೀತದ ನಾಡಿನಲ್ಲಿ ಬಹಳ ಮಂದಿಯಿದ್ದಾರೆ, ಬೇರೆಡೆಯೂ ಇರಬಹುದು. ಕೂಸು ಅಳದೆ ತಾಯಿಯೂ ಹಾಲೂಡಿಸಳು ಎನ್ನುತ್ತಾರೆ. ಇವರು ಕೂಸಾಗಿದ್ದಾಗಲೂ ಅತ್ತವರಲ್ಲ. ಪರರ ನೋವಿಗೆ ಇವರ ಕೈ ಎಷ್ಟು ಸೂಕ್ಷ್ಮವೋ ತಮ್ಮ ಆಸೆಯ ಬಗ್ಗೆ ಇವರ ನಾಲಗೆ ಅಷ್ಟೇ ಮಂದ. ಬೇಕಾದದ್ದನ್ನು ಬಿಟ್ಟುಕೊಡುವುದನ್ನೇ ಪ್ರೀತಿಯೆಂದು ನಂಬಿ, ತಮ್ಮವರಿಗೆ ಭಾರವಾಗಬಾರದೆಂದು ಜೀವಮಾನವಿಡೀ ಹಗುರವಾಗಿ ನಡೆಯುತ್ತಾರೆ. ಇವರನ್ನು ಪ್ರೀತಿಸುವವರ ಕೈಯಲ್ಲಿ ಕೊಡಲು ಎಷ್ಟೋ ಇರುತ್ತದೆ. ಇವರು ಕೇಳುವುದಿಲ್ಲ, ಅದು ಆ ಕೈಯಲ್ಲೇ ಉಳಿದುಹೋಗುತ್ತದೆ.