ಗೊತ್ತಿಲ್ಲದ ಕೈ

ನಮ್ಮ ಸಂಸಾರಕ್ಕೆ ನಾಲ್ಕು ಗೋಡೆ ಇರಲಿಲ್ಲ. ಮೂರು ಗೋಡೆ, ಒಂದು ಪರದೆ. ಪರದೆಯ ಈಚೆ ನಾನು, ನನ್ನ ಹೆಂಡತಿ. ಆಚೆ ಅತ್ತೆ, ಮಾವ, ಭಾಮೈದ ಮತ್ತು ಹೆಂಡತಿಯ ಅಜ್ಜಿ. ಅಜ್ಜಿಗೆ ಕಣ್ಣು ಮಂಜು, ಆದರೆ ಕಿವಿ ಮಾತ್ರ ದೇವರು ಪುರುಸೊತ್ತು ಮಾಡಿಕೊಂಡು ಕೂರಿಸಿದ್ದು. ಒಮ್ಮೆ ಹೆಂಡತಿಯ ಗಲ್ಲ ಹಿಡಿದು, "ಚೆಲುವೆ, ಈ ಲೋಕವೇ ಅಡ್ಡ ನಿಂತರೂ ನಿನ್ನ ಕೈ ಬಿಡಲ್ಲ" ಎಂದು ಸಿನಿಮಾ ಹೀರೋ ಥರ ಡೈಲಾಗ್ ಹೊಡೆದಿದ್ದೆ. ಆಚೆಯಿಂದ ಅಜ್ಜಿ, "ಲೋಕ ಹಾಗಿರಲಿ ಅಳಿಯಪ್ಪಾ, ನೀರಿನ ಕೊಡ ಅಡ್ಡ ಇದೆ, ಒದೀಬೇಡ" ಎಂದರು. ಆ ರೊಮ್ಯಾನ್ಸ್ ಸೀನು ಅಲ್ಲಿಗೇ ಕಟ್.

ಹಗಲು ನಾನು ಶಾಲೆಯಲ್ಲಿ ಸಹಾಯಕ ಮೇಷ್ಟ್ರು, ಸಂಜೆ ಶಿಕ್ಷಕರ ತರಬೇತಿ ಕಾಲೇಜಿನ ವಿದ್ಯಾರ್ಥಿ. ಶಾಲೆಯ ಹಿಂದೆ ಮೇಷ್ಟ್ರುಗಳಿಗೆಂದು ಕಟ್ಟಿದ ಕೋಣೆಗಳಲ್ಲಿ ಒಂದು ಖಾಲಿಯಿತ್ತು. ಬಾಗಿಲಿದ್ದ ಕೋಣೆ, ಒಳಗಿನಿಂದ ಚಿಲಕವಿದ್ದ ಬಾಗಿಲು!

"ಪಾಠದ ಪರೀಕ್ಷೆ ಪಾಸ್ ಮಾಡು, ಕೆಲಸ ಕಾಯಂ, ಬೀಗದ ಕೈ ನಿಂದು" ಎಂದಿದ್ದರು ಹೆಡ್ ಮಿಸ್. "ಫೇಲಾದ್ರೆ ಆ ಕೋಣೆ ಡ್ರಾಯಿಂಗ್ ಮೇಷ್ಟ್ರಿಗೆ."

ಪಾಠದ ಪರೀಕ್ಷೆ ಎಂದರೆ ಕಾಲೇಜಿನಿಂದ ಪರೀಕ್ಷಕರು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ನಾವು ಪಾಠ ಮಾಡಬೇಕು. ಮಕ್ಕಳು ಬಾಯಿ ಬಿಡದಿದ್ದರೆ ನಮ್ಮ ಕಥೆ ಮುಗಿಯಿತು. ಅದಕ್ಕೆ ನಮ್ಮ ಕಾಲೇಜಿನ ಹಾಸ್ಟೆಲ್ ಹುಡುಗರಲ್ಲಿ ತಲೆತಲಾಂತರದಿಂದ ಬಂದ ಒಂದು ಉಪಾಯವಿದೆ. ಹಿಂದಿನ ದಿನ ಗಂಟೆ ಹೊಡೆಯುವ ಹೊತ್ತಿಗೆ ಮಕ್ಕಳೆದುರು ನಿಂತು ಅದನ್ನು ಹೇಳಿಕೊಟ್ಟೆ.

"ನಾಳೆ ನಾನೇನು ಕೇಳಿದರೂ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ರೆ ಈ ಕೈ." ನನ್ನ ಬಲಗೈ ಎತ್ತಿದೆ. "ಗೊತ್ತಿಲ್ಲದಿದ್ರೆ ಈ ಕೈ." ಎಡಗೈ ಎತ್ತಿದೆ. "ಡೀಲ್?"

"ಡೀಲ್ ಸಾರ್!"

ಅಂದು ಮನೆಯಲ್ಲಿ ಹೆಂಡತಿ ಕೇಳಿದಳು, "ಲೋ, ಮಕ್ಕಳಿಗೆ ಪಾಠ ಅರ್ಥ ಆಗಿದೆ ತಾನೇ?"

"ಪಾಠ ಆಮೇಲೆ ಆಗುತ್ತೆ ಕಣೇ. ಮೊದಲು ಕೋಣೆ."

"ಆ ಚಿಲಕ ನಾನೇ ಹಾಕ್ಬೇಕು. ಕೆಡಿಸಿಕೊಂಡು ಬಂದೆಯೋ, ನೋಡು" ಎಂದಳು. ಕಣ್ಣಲ್ಲಿ ನಗುವಿರಲಿಲ್ಲ.

ಮರುದಿನ ಪರೀಕ್ಷಕರು ಬಂದರು. ಬಿಳಿ ಮೀಸೆ, ಇಸ್ತ್ರಿ ಮುರಿಯದ ಅಂಗಿ, ನಗುವಿಗೆ ರಜೆ ಕೊಟ್ಟ ಮುಖ. ನಾನು ಹೀರೋ ಎಂಟ್ರಿ ಕೊಟ್ಟು ಕೇಳಿದೆ: "ಮಕ್ಕಳೇ, ಮೂರನೇ ಒಂದು ಭಾಗ ದೊಡ್ಡದೋ, ನಾಲ್ಕನೇ ಒಂದು ಭಾಗ ದೊಡ್ಡದೋ?"

ಕೈಗಳ ಕಾಡೇ ಎದ್ದಿತು. ಪರೀಕ್ಷಕರ ಹುಬ್ಬೂ ಎದ್ದಿತು. ನಾನು ಠೀವಿಯಿಂದ ಬಲಗೈ ಎತ್ತಿದ ಒಬ್ಬನನ್ನು ಎಬ್ಬಿಸಿದೆ. ಅವನು ನನ್ನನ್ನೇ ನೋಡಿದ, ದ್ರೋಹ ಬಗೆದ ಗೆಳೆಯನನ್ನು ನೋಡುವ ಹಾಗೆ. ಹಾಗೇ ಕೂತುಬಿಟ್ಟ. ಇನ್ನೊಂದು ಬಲಗೈ ಎಬ್ಬಿಸಿದೆ. ದುಂಡು ಮುಖದ ಹುಡುಗ ಧೈರ್ಯ ಮಾಡಿ, "ನಾಲ್ಕನೇ ಒಂದು" ಎಂದ. ತಪ್ಪು ಉತ್ತರ. ಮೂರನೆಯದಾಗಿ ಎರಡು ಜಡೆಯ ಹುಡುಗಿ. ಅವಳಿಗೆ ಸಿಟ್ಟೇ ಬಂತು.

"ಸಾರ್, ನಾನು ಗೊತ್ತಿಲ್ಲದ ಕೈ ಎತ್ತಿದೀನಿ. ಗೊತ್ತಿರೋರನ್ನ ಕೇಳಿ!"

ಆಗ ಹೊಳೆಯಿತು. ಹಿಂದಿನ ದಿನ ನಾನು ಅವರ ಎದುರು ನಿಂತು ಬಲಗೈ ಎತ್ತಿದ್ದೆ. ಗೊತ್ತಿದ್ದವರು ಕನ್ನಡಿಯ ಹಾಗೆ ಅದೇ ಬದಿಯ ಕೈ, ಅಂದರೆ ತಮ್ಮ ಎಡಗೈ ಎತ್ತಿದ್ದರು; ಗೊತ್ತಿಲ್ಲದವರು ಬಲಗೈ. ವ್ಯಾಯಾಮದ ಮೇಷ್ಟ್ರಿಗೆ ನಿದ್ದೆಯಲ್ಲೂ ಗೊತ್ತಿರುವ ವಿಷಯ. ನಾನು ಇಡೀ ತರಗತಿಯಲ್ಲಿ ಹುಡುಕಿ ಹುಡುಕಿ ಗೊತ್ತಿಲ್ಲದವರನ್ನೇ ಎಬ್ಬಿಸುತ್ತಿದ್ದೆ.

ಪರೀಕ್ಷಕರು ಪೆನ್ನು ಕೆಳಗಿಟ್ಟರು. "ಗೊತ್ತಿಲ್ಲದ ಕೈ ಯಾವುದಮ್ಮ?"

ಅವಳು ಹೆಮ್ಮೆಯಿಂದ ತೋರಿಸಿದಳು.

"ಮೇಷ್ಟ್ರೇ, ನಿಮ್ಮದು ಯಾವ ಕೈ?"

ಪೊಲೀಸರು ಸುತ್ತುವರಿದ ವಿಲನ್ನಿನಂತೆ ಎರಡೂ ಕೈ ಎತ್ತಿಬಿಟ್ಟೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ಕಂಡದ್ದು ಡ್ರಾಯಿಂಗ್ ಮೇಷ್ಟ್ರು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದ ದೃಶ್ಯ.

"ಪೀರಿಯಡ್ ಇನ್ನೂ ಮುಗಿದಿಲ್ಲ" ಎಂದರು ಪರೀಕ್ಷಕರು. "ಗೊತ್ತಿಲ್ಲದ ಕೈ ಎತ್ತಿದ್ದಾರಲ್ಲ, ಅವರಿಗೆ ಪಾಠ ಮಾಡಿ. ನೋಡೋಣ."

ಬಾಯಿಪಾಠ ಮಾಡಿದ ಡೈಲಾಗೆಲ್ಲ ಖಾಲಿ. ದುಂಡು ಮುಖದವನ ಬಳಿ ಹೋಗಿ ಕುಕ್ಕರುಗಾಲಲ್ಲಿ ಕೂತೆ.

"ನಾಲ್ಕನೇ ಒಂದು ಯಾಕೆ ದೊಡ್ಡದು ಅನ್ಸುತ್ತೆ?"

"ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ ಸಾರ್?"

ನ್ಯಾಯವಾದ ಮಾತೇ. ಮೂವರು ಕೂತಿದ್ದ ಬೆಂಚಿಗೆ ಅವನನ್ನೂ ತುರುಕಿದೆ. "ಹೇಗಿದೆ?"

"ಉಸಿರು ಕಟ್ತಿದೆ ಸಾರ್!"

"ನಮ್ಮನೇಲೂ ಹಾಗೇ ಕಣೋ." ಬಾಯಿ ತಪ್ಪಿ ಬಂತು. ಆಮೇಲೆ ಅಂಚಿನವನನ್ನು ಎಬ್ಬಿಸಿದೆ. "ಈಗ?"

"ಈಗ ಮೊಣಕೈ ಆಡುತ್ತೆ ಸಾರ್."

"ಬೆಂಚು ಬೆಳೀತಾ?"

"ಇಲ್ಲ. ಜನ ಕಮ್ಮಿ ಆದ್ರು. ನನ್ನ ಪಾಲು..." ತನ್ನ ಅಕ್ಕಪಕ್ಕದ ಜಾಗವನ್ನು ಅಂಗೈಯಿಂದ ಸವರಿ ನೋಡಿದ. "ಅಯ್ಯೋ! ಮೂರನೇ ಒಂದೇ ದೊಡ್ಡದು!"

ಎರಡು ಜಡೆಯವಳು ಕೈಯನ್ನೇ ಎತ್ತದೆ ಕೂಗಿದಳು, "ಇಬ್ರೇ ಕೂತ್ರೆ ಅರ್ಧ ಬೆಂಚು ಸಾರ್!"

"ಅದಕ್ಕಿಂತ ಸುಖ ಇಲ್ಲಮ್ಮ" ಎಂದೆ. ಅದು ಡೈಲಾಗ್ ಆಗಿರಲಿಲ್ಲ.

ಗಂಟೆ ಹೊಡೆದ ಮೇಲೆ ಪರೀಕ್ಷಕರು ನನ್ನನ್ನು ಬಾಗಿಲ ಬಳಿ ನಿಲ್ಲಿಸಿಕೊಂಡರು. "ಬೆಂಚಿನ ಲೆಕ್ಕ ಯಾವ ಪುಸ್ತಕದ್ದು?"

"ನಮ್ಮ ಮನೇದು ಸಾರ್. ಮಾವನ ಮನೆ. ಆರು ಜನ."

ಅವರ ಮೀಸೆ ಸ್ವಲ್ಪ ಅಲ್ಲಾಡಿತು. "ಮೊದಲರ್ಧಕ್ಕೆ ಸೊನ್ನೆ. ಎರಡನೇ ಅರ್ಧದಿಂದ ಪಾಸಾಗಿದ್ದೀರಿ, ಕೂದಲೆಳೆಯಲ್ಲಿ. ಇನ್ನೊಂದು ಸಲ ಮಕ್ಕಳ ಕೈಲಿ ಸುಳ್ಳು ಎತ್ತಿಸಬೇಡಿ."

"ಇಲ್ಲ ಸಾರ್" ಎಂದೆ, ನೆಲ ನೋಡುತ್ತ.

ಸಂಜೆ ಬೀಗದ ಕೈ ಹಿಡಿದು ಹೆಂಡತಿಯನ್ನು ಕರೆತಂದೆ. ಕೋಣೆಯ ತುಂಬ ಸೀಮೆಸುಣ್ಣದ ಧೂಳು, ಮೂಲೆಯಲ್ಲಿ ಕಾಲು ಮುರಿದ ಕುರ್ಚಿ, ಕಿಟಕಿಯ ಮೇಲೆ ಪಾರಿವಾಳದ ಸಂಸಾರ. ಅವಳು ಒಳಗೆ ಬಂದು ಚಿಲಕ ಹಾಕಿದಳು. ತೆಗೆದು ಮತ್ತೆ ಹಾಕಿದಳು. ಆಮೇಲೆ ನನ್ನ ತೋಳು ಹಿಡಿದು ಕಿವಿಯ ಹತ್ತಿರ ಬಾಯಿ ತಂದಳು.

"ಒಲೆ ಎಲ್ಲಿಡೋಣ?"

"ಆ ಮೂಲೇಲಿ" ಎಂದೆ ಅವಳ ಕಿವಿಯಲ್ಲಿ.

"ಹಾಸಿಗೆ?"

"ಕಿಟಕಿ ಕೆಳಗೆ."

ಹೀಗೇ ತಲೆಗೆ ತಲೆ ತಾಗಿಸಿ ಇಡೀ ಮನೆ ಜೋಡಿಸಿಬಿಟ್ಟೆವು. ತಟ್ಟನೆ ಅವಳು ನಿಲ್ಲಿಸಿ, ಬಾಗಿಲು ನೋಡಿ, ನನ್ನನ್ನು ನೋಡಿದಳು.

"ಲೋ, ನಾವ್ಯಾಕೆ ಪಿಸುಗುಡ್ತಿದೀವಿ?" ಎಂದಳು, ಪಿಸುಮಾತಿನಲ್ಲೇ.