ಒತ್ತಿಲ್ಲದ ಹಮಾಮ್

ಪಾರಿವಾಳ ಆಡಿಸೋನ ಸಾಕ್ಷೀನ ಹಳೇ ಕಾಜಿಗಳು ಒಪ್ತಿರಲಿಲ್ಲ ಮಹನೀಯರೇ, ನಾವು ನೋಡಿ ಎಂಥ ಉದಾರಿಗಳು, ಪಾರಿವಾಳದೋನ ಮಗನ್ನ ಕರೆಸಿ, ಕುರ್ಚಿ ಕೊಟ್ಟು, ಅವನ ಬಾಯಲ್ಲಿ ವಿಮರ್ಶೆ ಕೇಳ್ತಾ ಇದೀವಿ — ಅಂದರು ಡಾಕ್ಟರ್ ವಗೀಹ್, ತಮ್ಮ ಕಾದಂಬರಿಯ ಬಿಡುಗಡೆಯ ದಿನ, ಮೈಕಿನಲ್ಲಿ, ಮೈಕು ಆ ಕೊನೆಯ ಮಾತನ್ನು ಹಿಡಿದುಕೊಂಡು ಕುಂಯ್ ಎಂದಿತು, ನಗು ಮೊದಲು ಮುಂದಿನ ಸಾಲಿನಿಂದ ಎದ್ದಿತು, ಅತ್ತರು ಹಚ್ಚಿದ ನಗು, ಆಮೇಲೆ ಹಿಂದಿನವರು, ಮಾತು ಪೂರ್ತಿ ಕೇಳಿಸದಿದ್ದರೂ ಮುಂದಿನವರು ನಕ್ಕರಲ್ಲ ಎಂದು ನಕ್ಕವರು, ಶೆಹಾತಾ ನಿಂತೇ ಇದ್ದ, ಪುಸ್ತಕ ಕೈಯಲ್ಲಿ, ಹೆಬ್ಬೆರಳು ಇನ್ನೂ ಆ ಪುಟದೊಳಗೆ, ಉಗುರಿನ ಸಂದಿಯಲ್ಲಿ ಕಬ್ಬಿನ ನಾರು, ಬೆಳಗ್ಗೆ ಎಷ್ಟು ತಿಕ್ಕಿದರೂ ಹೋಗದ್ದು, ಅದನ್ನೇ ನೋಡುತ್ತಿದ್ದ, ಬೇರೆಲ್ಲಿ ನೋಡಿದರೂ ಹಲ್ಲು. ಡಾಕ್ಟರರು ಇನ್ನೂ ಬಿಡಲಿಲ್ಲ, ಕಾನೂನು ಕಾಲೇಜಿನಲ್ಲಿ ಒಂದು ಜೀವಮಾನವಿಡೀ ಹುಡುಗರನ್ನು ಹೀಗೆ ನಿಲ್ಲಿಸಿ ಉರಿಸಿ ಅಭ್ಯಾಸವಾದ ಬಾಯಿ ಅದು, ಹಮ್ಮಾಮ್ ಕಣಪ್ಪಾ, ಹಮ್-ಮಾಮ್, ಸ್ನಾನದ ಮನೆ, ಎರಡು ತುಟೀನೂ ಒತ್ತಿ ಹಿಡಿದು ಬಿಡಬೇಕು, ಚಿಕ್ಕ ಕ್ಲಾಸಲ್ಲೇ ಹೇಳಿಕೊಡ್ತಾರೆ, ಅವತ್ತು ನೀನು ಹಕ್ಕಿ ಹಾರಿಸ್ತಾ ಮಾಳಿಗೆ ಮೇಲೆ ಇದ್ದೆಯೋ ಏನೋ — ಮತ್ತೆ ನಗು, ಯಾರೋ ಹೆಂಗಸು ಪಾಪ ಅಂದಳು, ಆ ಪಾಪಕ್ಕಿಂತ ನಗುವೇ ವಾಸಿ.

ಒಂದು ಒತ್ತು. ಇರುವೆಯ ಗಾತ್ರದ್ದು, ಅರಬ್ಬಿ ಮಕಾರದ ತಲೆಯ ಮೇಲೆ ಕೂತರೆ ಹಮ್ಮಾಮ್, ಸ್ನಾನದ ಮನೆ, ಕೂರದಿದ್ದರೆ ಹಮಾಮ್, ಪಾರಿವಾಳ, ಮತ್ತು ಅಚ್ಚು ಹಾಕುವ ಯಾವ ಸೋಮಾರಿಯೂ ಅದನ್ನು ಹಾಕುವುದಿಲ್ಲ, ಓದುವವನು ತಾನೇ ಹಾಕಿಕೊಳ್ಳಬೇಕು, ಈ ಊರಿನಲ್ಲಿ ಎಲ್ಲವನ್ನೂ ಓದುವವನೇ ಹಾಕಿಕೊಳ್ಳಬೇಕು, ಸ್ವರ, ಒತ್ತು, ಅರ್ಥ, ಬರೆದವನು ಹಾಕುವುದು ಹೆಸರು ಒಂದನ್ನೇ, ಅದು ಮಾತ್ರ ಬಂಗಾರದ ಬಣ್ಣದಲ್ಲಿ ಉಬ್ಬಿ ನಿಂತಿರುತ್ತದೆ, ಮನ್ಯಲ್‌ನ ಏಳು ಕಿಟಕಿ, ಕಾದಂಬರಿ, ಡಾಕ್ಟರ್ ವಗೀಹ್ ಶರ್ನೂಬಿ, ಕಾದಂಬರಿ ಬರೆಯುವವನಿಗೆ ಡಾಕ್ಟರ್ ಯಾಕೋ, ಕತೆಗೆ ಜ್ವರ ಬಂದಿತ್ತೇನೋ. ಅಜ್ಜನಿಗೆ ಬಾಬ್ ಅಲ್-ಶಾರಿಯಾದಲ್ಲಿ ಹಮಾಮ್ ಇತ್ತು — ಮೊದಲ ಅಧ್ಯಾಯದಲ್ಲೇ ಇದೆ, ಓದಿದ್ದಾನೆ, ನೆನಪಿದೆ, ಇಂಥ ದೊಡ್ಡ ಮನುಷ್ಯರ ಅಜ್ಜನೂ ಪಾರಿವಾಳ ಸಾಕಿದ್ದನಲ್ಲ ಎಂದು ಆಗ ಅವನಿಗೆ ಡಾಕ್ಟರರ ಮೇಲೆ ಒಂದು ಚೂರು ಪ್ರೀತಿ ಬಂದಿತ್ತು, ಥೂ, ಆ ಪ್ರೀತಿ ನೆನಪಾಗಿ ಈಗ ಕಿವಿ ಸುಡುತ್ತಿದೆ, ಅಜ್ಜ ಪಾರಿವಾಳ ಸಾಕಿರಲಿಲ್ಲ, ಜನರ ಬೆನ್ನು ಉಜ್ಜಿಸಿ ಕಾಸು ಮಾಡಿದ್ದ, ಮೊಮ್ಮಗನೂ ಅದನ್ನೇ ಮಾಡುತ್ತಿದ್ದಾನೆ, ಮುಂದಿನ ಸಾಲು ನೋಡಿ, ಒಬ್ಬರ ಬೆನ್ನು ಒಬ್ಬರು, ಇವರ ಪುಸ್ತಕಕ್ಕೆ ಅವರ ಮುನ್ನುಡಿ, ಅವರದಕ್ಕೆ ಇವರ ಬೆನ್ನುಡಿ, ನೊರೆಯೋ ನೊರೆ.

ಇಂಥವನ್ನು ಎಷ್ಟು ಓದಿ ಎಸೆದಿಲ್ಲ ಅವನು. ಬೂಲಾಕಿನ ಕಬ್ಬಿನ ಹಾಲಿನ ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಫೋನನ್ನು ಗಾಣಕ್ಕೆ ಆನಿಸಿಟ್ಟು ವಿಡಿಯೋ ಹಚ್ಚಿ, ಓದಿದೆ, ಎಸೆದೆ, ಎಂದು ಶುರುಮಾಡಿ, ಮಾತು ಮುಗಿದ ಮೇಲೆ ಪುಸ್ತಕವನ್ನು ಹಿಂದಿನ ಸಿಪ್ಪೆಯ ರಾಶಿಗೆ, ಟಪ್, ಜನಕ್ಕೆ ಬೇಕಾದದ್ದು ಆ ಟಪ್. ನಿವೃತ್ತ ಅಧಿಕಾರಿಯ ಆತ್ಮಕಥೆ ಒಂದು, ಇಡೀ ಆಯುಷ್ಯದಲ್ಲಿ ಒಂದು ಸಲವೂ ತಪ್ಪು ಮಾಡಿಲ್ಲ ಮಹಾನುಭಾವ, ಒಂದು ಸಲವೂ ಹೊಟ್ಟೆ ಕೆಟ್ಟಿಲ್ಲ, ಟಪ್. ಕವಿಯೊಬ್ಬನ ಕಾದಂಬರಿ, ಅದರಲ್ಲಿ ಬರುವ ಪ್ರತಿ ಹೆಂಗಸಿನ ಮೈಯಲ್ಲೂ ಮಲ್ಲಿಗೆಯ ವಾಸನೆ, ಈ ಮನುಷ್ಯ ಕೈರೋದಲ್ಲಿ ಒಂದು ದಿನವೂ ಬಸ್ಸು ಹತ್ತಿಲ್ಲ, ಟಪ್. ಸೂರ್ಯನಿಗಿಂತ ಮೊದಲು ಎದ್ದರೆ ಗೆಲ್ಲುತ್ತೀರಿ ಎಂದು ಇನ್ನೊಬ್ಬ, ಅವ್ವ ಹುಟ್ಟಿದಾಗಿನಿಂದ ಸೂರ್ಯನಿಗಿಂತ ಮೊದಲೇ ಎದ್ದು ಫೂಲ್ ಕಾಳಿನ ಪಾತ್ರೆ ಒಲೆಗಿಡುತ್ತಿದ್ದಾಳೆ, ಏನು ಗೆದ್ದಳು, ಸೊಂಟ ನೋವು. ನೀರು ಹೊರುವವರ ಚರಿತ್ರೆಯಂತೆ, ಅಡಿಟಿಪ್ಪಣಿ ಪುಟಕ್ಕಿಂತ ದಪ್ಪ, ಅಷ್ಟು ದಪ್ಪ ಪುಸ್ತಕದಲ್ಲಿ ಒಬ್ಬನಿಗೂ ಬಾಯಾರಿಕೆಯಾಗುವುದಿಲ್ಲ. ಇನ್ನು ಈ ಏಳು ಕಿಟಕಿ — ಇದರಲ್ಲಿ ಬಡವ ಅಂತ ಇರುವುದು ಒಬ್ಬನೇ, ಅಡುಗೆಯವನು, ಸಾಯಲಿಕ್ಕೆಂದೇ ಹುಟ್ಟಿದವನು, ಅವನು ಸತ್ತ ಕೂಡಲೇ ನಾಯಕ ಬಾಲ್ಕನಿಗೆ ಬಂದು ಸಿಗರೇಟು ಹಚ್ಚಿ ನೈಲ್ ನದಿ ನೋಡುತ್ತಾನೆ, ನಾಯಕರೆಲ್ಲ ನೈಲ್ ನೋಡುತ್ತಾರೆ, ಯಾವನೂ ಅದರಲ್ಲಿ ಕಾಲು ತೊಳೆಯುವುದಿಲ್ಲ. ಸಿಪ್ಪೆಯ ರಾಶಿಗೆ ಕೈ ಎತ್ತಿಯೂ ಆಗಿತ್ತು. ಆಗ ಪುಟ ತೆರೆದುಕೊಂಡಿತು, ಕೊನೆಯ ಅಧ್ಯಾಯ, ಆ ಸಾಲು — ಅಪ್ಪ ಸತ್ತ ಮೇಲೆ ಹಮಾಮಿನ ಬಾಗಿಲನ್ನು ಯಾರೂ ಮುಚ್ಚಲಿಲ್ಲ. ಕೈ ಅಲ್ಲೇ ನಿಂತಿತು, ಗಾಣ ತಿರುಗುತ್ತಿತ್ತು, ಕಬ್ಬು ಇರಲಿಲ್ಲ, ಬರೀ ಹಲ್ಲು ಹಲ್ಲಿಗೆ ಉಜ್ಜುತ್ತಿತ್ತು, ಲೋ ಶೆಹಾತಾ, ಗಾಣ ನಿಲ್ಲಿಸೋ, ಸತ್ತೆಯೇನೋ, ಎಂದು ಮಾಲೀಕ ಕೂಗಿದ. ಮೊದಲ ಸಲ ಅವನು ಒಂದು ಪುಸ್ತಕ ಎಸೆಯಲಿಲ್ಲ. ಫೋನಿನ ಮುಂದೆ ನಿಂತು ಹೇಳಿದ, ಇದು ಕಸ, ಮೊದಲಿಂದ ಕೊನೇವರೆಗೂ ಕಸ, ಆದರೆ ಇದರೊಳಗೆ ಒಂದು ಸಾಲು ಇದೆ, ಅದಕ್ಕೋಸ್ಕರ ಇದನ್ನ ಇಟ್ಕೊಳ್ತೀನಿ. ಜೀವಮಾನದಲ್ಲಿ ಹೊಗಳಿದ್ದು ಒಂದೇ ಸಾಲು, ಅದೂ ಆ ಪುಸ್ತಕದಲ್ಲಿ ಇರಲಿಲ್ಲ.

ಉಸ್ತಾಜಾ ಇಗ್ಲಾಲ್ ಫೋನು ಮಾಡಿದ್ದು ಅದನ್ನು ನೋಡಿಯೇ, ವಾರಪತ್ರಿಕೆಯ ಸಂಪಾದಕಿ, ಸಿಗರೇಟಿನಿಂದ ಗಂಟಲು ಒಡೆದವಳು, ಬೈಯೋಕೆ ಬರುತ್ತೆ ಅಂತ ಗೊತ್ತಿತ್ತು ಮಗನೇ, ಮೆಚ್ಚೋಕೂ ಬರುತ್ತೆ ಅಂತ ಇವತ್ತು ಗೊತ್ತಾಯ್ತು, ಬಿಡುಗಡೆ ದಿನ ಬಂದು ಅದನ್ನೇ ಅಲ್ಲಿ ಮಾತಾಡು, ನಮ್ಮ ಪತ್ರಿಕೆ ಮಾಲೀಕರೂ ಬಂದಿರ್ತಾರೆ, ಅವರಿಗೆ ಹಿಡಿಸಿದರೆ ಮುಂದಿನ ವಾರದಿಂದ ಹೊಸ ಪುಸ್ತಕಗಳ ಪುಟ ನಿನ್ನದು, ಮೇಲೆ ನಿನ್ನ ಹೆಸರು. ಯಾವ ಹೆಸರು ಹಾಕ್ತೀರಿ, ಪೂರ್ತಿ ಹಾಕ್ತೀರಾ, ಎಂದು ಕೇಳಿದ್ದ, ಪೂರ್ತಿ ಹಾಕ್ತೀವಪ್ಪ, ಶೆಹಾತಾ ಮೆತ್ವಲ್ಲಿ, ಮೆತ್ವಲ್ಲಿ ಅನ್ನೋದು ಅಪ್ಪನ ಹೆಸರೇನೋ, ಹೂಂ, ಅಪ್ಪನ ಹೆಸರು, ವಾರ ವಾರವೂ ಅಚ್ಚಿನಲ್ಲಿ, ಆ ಹೆಸರು ಇದುವರೆಗೆ ಅಚ್ಚಾದದ್ದೇ ಇಲ್ಲ, ಶ್ರೀಮಂತರ ಸಾವು ಪತ್ರಿಕೆಯಲ್ಲಿ ಅರ್ಧ ಪುಟ ಬರುತ್ತದೆ, ಅಪ್ಪನದು ಒಂದು ಗೆರೆಯೂ ಬರಲಿಲ್ಲ. ಅದಕ್ಕೇ ಇವತ್ತು ಎದ್ದು ನಿಂತವನು ಎಲ್ಲವನ್ನೂ ಹೇಳಿಬಿಟ್ಟ, ಮೂರ್ಖ, ಪುಸ್ತಕದ ಬಗ್ಗೆ ಹೇಳಿ ಕೂರುವುದು ಬಿಟ್ಟು, ನಮ್ಮಪ್ಪನೂ ಪಾರಿವಾಳ ಹಾರಿಸ್ತಿದ್ದ ಡಾಕ್ಟ್ರೇ, ಅವನು ಸತ್ತಾಗ ಗೂಡಿನ ಬಾಗಿಲು ಹೀಗೇ ತೆರೆದಿತ್ತು, ನೀವು ಹೆಂಗೆ ಬರೆದಿರಿ ಅದನ್ನ, ಯಾರು ಹೇಳಿದರು ನಿಮಗೆ — ಅಂದ, ಆಗ ಡಾಕ್ಟರರ ಮುಖದಲ್ಲಿ ಆದದ್ದನ್ನು ಅವನು ಮೆಚ್ಚುಗೆ ಅಂದುಕೊಂಡ, ಅದು ನಗು ಹೊರಡುವ ಮೊದಲು ಮೂಗು ಅಗಲವಾಗುತ್ತದಲ್ಲ, ಅದು.

ಪಕ್ಕದಲ್ಲಿ ತಂಬಾಕಿನ ವಾಸನೆ, ಉಸ್ತಾಜಾ ಇಗ್ಲಾಲ್ ಅವನ ತೋಳು ಹಿಡಿದು ಕಿವಿಯಲ್ಲಿ, ನಕ್ಕುಬಿಡು ಮಗನೇ, ನಕ್ಕುಬಿಡು, ಕಣ್ಣು ತಪ್ಪಿತು ಅನ್ನು, ಅಲ್ಲಿ ನೋಡು ಮಾಲೀಕರೂ ನಗ್ತಿದಾರೆ, ಒಳ್ಳೇದೇ ಅದು, ನೀನೂ ನಕ್ಕರೆ ಮುಗಿದುಹೋಯ್ತು, ಪುಟ ನಿನ್ನದು. ಪತ್ರಿಕೆಯ ಮಾಲೀಕರು ನಗುತ್ತಿದ್ದರು, ಹೊಟ್ಟೆ ಕುಲುಕುತ್ತಿತ್ತು, ಪುಸ್ತಕದಂಗಡಿಯ ಹುಡುಗಿ ತಟ್ಟೆಯಲ್ಲಿ ರವೆಯ ಸಿಹಿ, ಬಸ್ಬೂಸಾ, ಹಿಡಿದು ಬರುತ್ತಿದ್ದಳು, ಹಿಂದಿನಿಂದ ಯಾವನೋ ಫೋನು ಎತ್ತಿ ಹಿಡಿದು, ಎಸೆ ಗುರುವೇ, ಎಸೆ, ಟಪ್ ಅನ್ನಿಸು, ಇನ್ನೊಬ್ಬ, ಸ್ನಾನ ಮಾಡಿಸಿ ಕಳಿಸ್ರೋ ಅವನಿಗೆ. ನಗಬೇಕು, ಅಷ್ಟೇ. ನಗುವುದೇನು ಕಷ್ಟ, ಗಿರಾಕಿಗಳಿಗೆ ದಿನವೂ ನಗುತ್ತಾನೆ. ತುಟಿ ಅಗಲಿಸಿದರೆ ಸಾಕು, ಪುಟ ಅವನದು, ಅಪ್ಪನ ಹೆಸರು ಅಚ್ಚಿನಲ್ಲಿ, ಆದರೆ ಯಾರನ್ನು ನೋಡಿ ನಗುತ್ತಿದ್ದಾರೆ ಇವರು, ಅವನನ್ನು ನೋಡಿಯಲ್ಲ, ಅವನ ಹಿಂದೆ ಹರಿದ ಬನಿಯನ್ನಿನಲ್ಲಿ ನಿಂತ ಇನ್ನೊಬ್ಬನನ್ನು ನೋಡಿ, ಪಾರಿವಾಳ ಕರೆಯುವ ಕೋಲಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಆಕಾಶ ನೋಡುತ್ತಿರುವವನನ್ನು, ಸಾಕ್ಷಿ ನಡೆಯದವನನ್ನು. ಶೆಹಾತಾ ಪುಟ ನೋಡಿದ. ಈಗ ಗೊತ್ತಲ್ಲ, ಒತ್ತು ಹಾಕಿ ಓದು. ಹಾಕಿದ. ನಿಲ್ಲಲಿಲ್ಲ. ಒತ್ತು ಜಾರಿತು, ಸಾಲು ಮತ್ತೆ ಮಾಳಿಗೆಗೆ ಹತ್ತಿತು, ಅಪ್ಪ ಕೋಲಿನ ಮೇಲೆಯೇ ಬಿದ್ದಿದ್ದ, ಹಕ್ಕಿಗಳು ಮೇಲಿದ್ದವು, ಕಿರಿದಾದ ಮೆಟ್ಟಿಲಿನಲ್ಲಿ ಅವನನ್ನು ಇಳಿಸುವುದರಲ್ಲಿ, ತಲೆ ಹಿಡೀರೋ, ಕಾಲು ತಿರುಗಿಸ್ರೋ, ಎನ್ನುವುದರಲ್ಲಿ, ಬಾಗಿಲು ಯಾರ ನೆನಪಿಗೆ ಬಂದೀತು, ಎದುರು ಮಾಳಿಗೆಯ ಅಬು ಸರೀ, ವರ್ಷಗಟ್ಟಲೆ ತನ್ನ ಬಾವುಟ ಬೀಸಿ ಅಪ್ಪನ ಹಕ್ಕಿಗಳನ್ನು ಸೆಳೆದುಕೊಂಡ ಕಳ್ಳ, ಅಪ್ಪನಿಂದ ಓಣಿಗೆಲ್ಲ ಕೇಳುವಂತೆ ಬೈಸಿಕೊಂಡವನು, ಅವತ್ತು ಬಾವುಟ ಮಡಚಿಟ್ಟ, ತನ್ನ ಹಕ್ಕಿಗಳನ್ನು ಇಳಿಸಿ ಒಳಗೆ ಹಾಕಿದ, ಆಕಾಶವನ್ನು ಅಪ್ಪನ ಹಕ್ಕಿಗಳಿಗೆ ಬಿಟ್ಟುಕೊಟ್ಟ, ಅವು ಸುತ್ತಿದವು, ಸುತ್ತಿದವು, ಸಿಳ್ಳಿಗೆ ಕಾಯುತ್ತಾ, ಸಿಳ್ಳು ಬರಲಿಲ್ಲ, ಸಂಜೆಗೆ ತಾವಾಗಿಯೇ ಇಳಿದವು, ಒಂದೊಂದೇ ಒಳಗೆ ಹೋದವು, ಬಿಳಿಯ ಹೆಣ್ಣು ಹಕ್ಕಿ ಒಂದು ಮಾತ್ರ ಹೋಗಲಿಲ್ಲ, ಬಾಗಿಲು ಗಾಳಿಗೆ ಕಿರ್ರೆಂದು ಹೋಗಿ ಬರುತ್ತಿತ್ತು, ಅದು ಹೊಸ್ತಿಲ ಮೇಲೆ ಕೂತಿತ್ತು, ಒಳಗೂ ಅಲ್ಲ, ಹೊರಗೂ ಅಲ್ಲ.

ಇದನ್ನು ಡಾಕ್ಟರ್ ವಗೀಹ್ ಬರೆದಿಲ್ಲ. ಅವನಪ್ಪನಾಣೆಗೂ ಬರೆಯಲಾರ. ಯಾರೂ ಬರೆದಿಲ್ಲ, ಈ ಅಂಗಡಿಯ ಅಷ್ಟೂ ಕಪಾಟುಗಳಲ್ಲಿ ಇಲ್ಲ, ಇದ್ದದ್ದು ಬೂಲಾಕಿನ ಒಂದು ಮಾಳಿಗೆಯ ಮೇಲೆ, ಅದನ್ನು ಶೆಹಾತಾ ಹೊತ್ತುಕೊಂಡು ಬಂದು ಈ ನೊರೆಯ ಜನರ ಪುಸ್ತಕದೊಳಗೆ ಇಟ್ಟು, ಆಹಾ ಎಷ್ಟು ಚೆನ್ನಾಗಿ ಬರೆದಿದ್ದೀರಿ ಎಂದು ಅವರಿಗೇ ಕೈಮುಗಿದ, ಇದಕ್ಕಿಂತ ದೊಡ್ಡ ಕತ್ತೆ ಉಂಟೇ. ಏನಪ್ಪಾ, ಹೇಳು, ಹಮ್-ಮಾಮ್, ಎಂದು ಡಾಕ್ಟರರು ಮೈಕನ್ನು ಅವನ ಮುಂದೆ ಚಾಚಿದರು, ತುಟಿ ಒತ್ತಿ ಹಿಡಿ, ಒತ್ತಿ ಹಿಡಿದ, ಆಮೇಲೆ ಬಿಡಬೇಕಿತ್ತು, ಬಿಡಲಿಲ್ಲ. ಹೆಬ್ಬೆರಳು ತೆಗೆದ, ಪುಸ್ತಕ ತಾನೇ ಮುಚ್ಚಿಕೊಂಡಿತು, ಎಸೆಯಲಿಲ್ಲ, ಫೋನುಗಳು ಕಾಯುತ್ತಿದ್ದವು, ಕುರ್ಚಿಯ ಮೇಲೆ ಇಟ್ಟ, ಯಾರದೋ ಟೋಪಿ ಇಟ್ಟ ಹಾಗೆ, ಉಸ್ತಾಜಾಳ ಕೈಯಿಂದ ತೋಳು ಬಿಡಿಸಿಕೊಂಡ, ಶೆಹಾತಾ, ಹುಚ್ಚಪ್ಪಾ, ಪುಟ ಹೋಗುತ್ತೋ, ನಿಂತ್ಕೊಳ್ಳೋ, ಮಂಡಿಗಳು, ಚರ್ಮದ ಚೀಲಗಳು, ಪೂಜ್ಯರ ಬೂಟುಗಳು, ದಾಟಿದ, ಬಸ್ಬೂಸಾ ಹುಡುಗಿ ಪಕ್ಕಕ್ಕೆ ಸರಿದಳು, ಗಾಜಿನ ಬಾಗಿಲು ತಳ್ಳಿದ, ಹೊರಗೆ ಬಿಸಿಲು, ಹಾರನ್ನು, ಇಳಿಹೊತ್ತಿನ ಅಸರ್‌ನ ಬಾಂಗು, ಹಿಂದಿನಿಂದ ಮೈಕಿನ ದನಿ, ಮತ್ತು ಮೈಕಿಲ್ಲದ ಇನ್ನೊಂದು ದನಿ, ಏಯ್, ಬಾಗಿಲು ಹಾಕ್ಕೊಂಡು ಹೋಗಯ್ಯಾ, ತಂಪೆಲ್ಲ ಹೊರಗೆ ಹೋಗುತ್ತೆ, ಏಯ್ ಪಾರಿವಾಳ, ಬಾಗಿಲು — ಅವನು ತಿರುಗಲಿಲ್ಲ, ನಡೆದ, ತುಟಿ ಇನ್ನೂ ಒತ್ತಿಯೇ ಇತ್ತು, ಹಿಂದೆ ಬಾಗಿಲು ತೆರೆದೇ ಇತ್ತು, ಹೋಗಿ ಬರುತ್ತಿತ್ತು, ಕಿರ್ರೆಂದು, ಹೊಸ್ತಿಲ ಮೇಲೆ ಬಿಳಿಯ ಹೆಣ್ಣು, ಒಳಗೂ ಅಲ್ಲ, ಹೊರಗೂ ಅಲ್ಲ, ಬಾಗಿಲು ತೆರೆದೇ, ಬಿಳಿಯ ಹೆಣ್ಣು, ಬಾಗಿಲು