ಬಾಯಿ ಬಿಡದ ಎರಡನೇ ತಪ್ಪು

ಹನ್ನೆರಡೂವರೆಗೆ ಊಟದ ಬಿಡುವು ಕೊಟ್ಟರು. ತಟ್ಟೆ ಹಿಡಿದು ಕೂತೆ, ಎದ್ದೆ, ಮತ್ತೆ ಕೂತೆ. ಬೆಳಗಿನ ಸೆಮಿಫೈನಲ್‌ನಲ್ಲಿ ನಾನು ಬಾಯಿ ಬಿಟ್ಟೆನೋ ಇಲ್ಲವೋ, ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿರಲಿಲ್ಲ.

ನಾನು ಜೂಡೊ ರೆಫ್ರಿ. ಇಪ್ಪತ್ತೆಂಟು ವರ್ಷ ಕಣ್ಣಿರುವವರ ಪಂದ್ಯ ನಡೆಸಿ, ಕಣ್ಣು ಕಾಣದವರ ಪಂದ್ಯಕ್ಕೆ ಬಂದು ಎರಡು ವರ್ಷವಾಯಿತು. ಇಲ್ಲಿ ಆಟಗಾರರನ್ನು ತೋಳು ಹಿಡಿದು ಮ್ಯಾಟಿನ ನಡುವೆ ತರುತ್ತೇವೆ. ಒಬ್ಬರ ಅಂಗಿ ಇನ್ನೊಬ್ಬರ ಕೈಗೆ ಸಿಕ್ಕ ಮೇಲೇ ಆಟ ಶುರು. ಮತ್ತು ಕೈಯಲ್ಲಿ ತೋರಿಸಿದ್ದನ್ನೆಲ್ಲ ಬಾಯಲ್ಲೂ ಹೇಳಬೇಕು. ನನ್ನ ಗಂಟಲು ದೊಡ್ಡದು. ಜೊತೆಯವರು ಕರೆಯುವುದೇ ‘ಗಂಟೆ’ ಅಂತ. ಆ ಹೆಸರಿನ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಆ ಸೆಮಿಫೈನಲ್‌ನ ನೀಲಿ ಅಂಗಿಯ ಹುಡುಗಿಗೆ ಬೆಳಕೂ ಕಾಣದು. ಅರ್ಧ ಅಂಕ ಮುಂದಿದ್ದಳು, ಒಂದು ನಿಮಿಷ ಬಾಕಿ. ಅವಳ ಹೆಸರಿನಲ್ಲಿ ಒಂದು ತಪ್ಪು ಆಗಲೇ ಇತ್ತು. ಮೂರಾದರೆ ಪಂದ್ಯ ಹೋದ ಹಾಗೆ. ಮೇಲೆ ಬೀಳದೆ ಸುಮ್ಮನೆ ಕಾಲ ತಳ್ಳುತ್ತಿದ್ದಾಳೆಂದು ಆಟ ನಿಲ್ಲಿಸಿದೆ. ಎದೆಯ ಮುಂದೆ ತೋಳುಗಳನ್ನು ಸುತ್ತಿಸಿ, ಅವಳ ಕಡೆ ಬೆರಳು ಮಾಡಿ ಎರಡನೇ ತಪ್ಪು ಕೊಟ್ಟೆ. ಅಂಕದ ಫಲಕದಲ್ಲಿ ದೀಪ ಹತ್ತಿತು. ಮತ್ತೆ ಶುರು ಅಂದೆ. ಅವಳು ಅದೇ ಆಟ ಆಡಿದಳು. ಇನ್ನು ಹತ್ತು ಸೆಕೆಂಡ್ ಇರುವಾಗ ಮೂರನೆಯದನ್ನೂ ಕೂಗಿ ಕೊಟ್ಟೆ. ಮುಗಿಯಿತು.

“ಮೂರನೇದಾ? ಎರಡನೇದು ಯಾವಾಗ ಸರ್?” ಅಂದಳು.

ಸೋತವರ ತಕರಾರು ಎಂದುಕೊಂಡು ತೋಳು ಹಿಡಿದು ಮ್ಯಾಟಿನಿಂದ ಇಳಿಸಿದೆ. ಅವಳ ಅಕ್ಕನೇ ಕೋಚ್. ನನ್ನ ಮುಖವನ್ನೂ ನೋಡದೆ ತಂಗಿಯನ್ನು ಕರೆದುಕೊಂಡು ಹೋದಳು.

ಆ ಪ್ರಶ್ನೆ ಮಾತ್ರ ನನ್ನ ಜೊತೆಗೇ ಬಂತು. ಎರಡು ಗಂಟೆಗೆ ಫೈನಲ್. ಅದು ಶುರುವಾದರೆ ಬೆಳಗಿನ ಫಲಿತಾಂಶವನ್ನು ಯಾರೂ ಮುಟ್ಟುವಂತಿಲ್ಲ. ಸಂಜೆ ಹೊರದೇಶದ ಪಂದ್ಯಗಳಿಗೆ ಹೋಗುವ ರೆಫ್ರಿಗಳ ಪಟ್ಟಿ ಬರುವುದಿತ್ತು, ಅದರಲ್ಲಿ ನನ್ನ ಹೆಸರೂ ಇತ್ತು.

ತಟ್ಟೆ ಬಿಟ್ಟು ವಿಡಿಯೊ ನೋಡುವ ಮೇಜಿಗೆ ಓಡಿದೆ. ಪರದೆಯ ಮೇಲೆ ನನ್ನ ಬೆನ್ನು, ನನ್ನ ತೋಳು, ನನ್ನ ಬೆರಳು. ಆ ಕ್ಯಾಮೆರಾಕ್ಕೆ ಧ್ವನಿಯೇ ಇಲ್ಲ. ಯಾರೂ ಏನನ್ನೂ ಸಾಬೀತು ಮಾಡಲಾರರು ಎಂದು ಖುಷಿಯಾಗಬೇಕಿತ್ತು. ಆಗಲಿಲ್ಲ.

ಮನೆಗೆ ಫೋನ್ ಮಾಡಿದೆ.

“ಊಟ ಆಯ್ತಾ?” ಅಂದಳು ಹೆಂಡತಿ.

“ಅದಿರ್ಲಿ. ನಾನು ಯಾವತ್ತಾದ್ರೂ ಬಾಯಿ ಬಿಡದೆ ಬರೀ ಕೈ ಆಡಿಸ್ತೀನಾ?”

“ಒಳ್ಳೇ ಪ್ರಶ್ನೆ! ಉಪ್ಪು ಬೇಕಂದ್ರೂ ಕೈ, ನೀರು ಬೇಕಂದ್ರೂ ಕೈ. ನಾನು ಒಲೆ ಕಡೆ ತಿರುಗಿ ನಿಂತಿದ್ರೂ ಕೈಯೇ. ಆಮೇಲೆ ಕೊಡ್ಲಿಲ್ಲ ಅಂತ ರೇಗೋದು ಬೇರೆ. ಯಾಕೆ, ಅಲ್ಲೂ ಯಾರಾದ್ರೂ ಉಪ್ಪು ಕೊಡ್ಲಿಲ್ವಾ?”

ನಗು ಬರಲಿಲ್ಲ. ಫೋನ್ ಇಟ್ಟೆ.

ಅಕ್ಕತಂಗಿಯರು ಬಟ್ಟೆ ಬದಲಿಸುವ ಕೋಣೆಯ ಹೊರಗೆ ಬೆಂಚಿನ ಮೇಲೆ ಇದ್ದರು. ಅಕ್ಕ ತಂಗಿಯ ಬೆರಳಿಗೆ ಪಟ್ಟಿ ಸುತ್ತುತ್ತಿದ್ದಳು. ನನ್ನನ್ನು ಕಂಡು ಹಲ್ಲಿನಿಂದ ಪಟ್ಟಿ ಹರಿದಳು.

“ಏನ್ ಸರ್, ನಾಲ್ಕನೇ ತಪ್ಪು ಕೊಡೋದು ಬಾಕಿ ಇತ್ತಾ?”

“ಅಕ್ಕಾ, ಸುಮ್ನಿರು,” ಅಂದಳು ತಂಗಿ.

ನಾನು ತಂಗಿಯನ್ನು ಕೇಳಿದೆ. “ಎರಡನೇ ತಪ್ಪು ಕೊಟ್ಟಾಗ ನಾನು ಏನಾದ್ರೂ ಹೇಳಿದ್ನೇನಮ್ಮ?”

“ಇಲ್ಲ ಸರ್. ನಿಮ್ಮ ತೋಳು ತಿರುಗಿದಾಗ ಮುಖಕ್ಕೆ ಗಾಳಿ ಬಂತು. ಏನೋ ತೋರಿಸ್ತಿದ್ದಾರೆ ಅಂತ ಗೊತ್ತಾಯ್ತು, ಹೇಳ್ತಾರೆ ಅಂತ ಕಾದೆ. ನೀವು ಶುರು ಅಂದ್ರಿ. ನನ್ನ ಮೇಲಲ್ಲ, ಎದುರಿನವಳ ಮೇಲೇನೋ ಇರ್ಬೇಕು ಅಂದ್ಕೊಂಡೆ.”

ಅಕ್ಕನ ಕೈ ನಿಂತಿತು. “ನಾನು ಫಲಕ ನೋಡಿದೆ ಸರ್. ಇವಳಿಗೂ ಕೇಳಿಸಿರುತ್ತೆ ಅಂತ ಸುಮ್ನಿದ್ದೆ. ನಂದೂ ತಪ್ಪೇ.”

ನನ್ನ ಪಾಲನ್ನು ಅವಳು ಹೊತ್ತುಕೊಂಡದ್ದು ನನಗೆ ಸಹಿಸಲಾಗಲಿಲ್ಲ. ಒಂದೂ ಮುಕ್ಕಾಲಾಗಿತ್ತು. ಐವತ್ತೈದರ ಈ ಮೈ ಹೊತ್ತುಕೊಂಡು, ಎರಡೆರಡು ಮೆಟ್ಟಿಲು ಹಾರಿ ಮುಖ್ಯ ರೆಫ್ರಿಯ ಕೋಣೆಗೆ ಹೋದೆ. ಆಕೆ ಫೈನಲ್ ಹಾಳೆಗೆ ಸಹಿ ಹಾಕಲು ಪೆನ್ನು ತೆಗೆದಿದ್ದರು. ಎಲ್ಲ ಹೇಳಿದೆ.

“ನೋಡಿ ಗಂಟೆ, ಕೇಳಿಸ್ಕೊಂಡ್ರೆ ನಾನು ಬರ್ಕೋಬೇಕಾಗುತ್ತೆ,” ಅಂದರು. “ಬರ್ಕೊಂಡ್ರೆ ಸಂಜೆ ಪಟ್ಟಿಯಲ್ಲಿ ನೀವಿರಲ್ಲ. ನನಗೆ ಇನ್ನೂ ಕೇಳಿಸಿಲ್ಲ ಅಂತ ಇಟ್ಕೊಳ್ಳಿ.”

ಒಂದು ಗಳಿಗೆ ನನಗೆ ಆಸೆಯಾಯಿತು. ಆಗಲಿಲ್ಲ ಅಂದರೆ ನಾನು ಮನುಷ್ಯನೇ ಅಲ್ಲ.

“ಗಟ್ಟಿಯಾಗಿ ಇನ್ನೊಂದ್ಸಲ ಹೇಳ್ತೀನಿ ಮೇಡಂ,” ಎಂದೆ. ಹೇಳಿದೆ. ಪಕ್ಕದ ಕೋಣೆಯವರೂ ಇಣುಕಿದರು.

ಮೂರನೆಯದನ್ನು ಅಳಿಸಿ, ಎರಡನೇ ತಪ್ಪಿನಿಂದಲೇ ಆಟ ಮುಂದುವರಿಸಬೇಕು ಎಂದು ತೀರ್ಮಾನವಾಯಿತು. ಬೇರೆ ರೆಫ್ರಿ. ನನ್ನ ಕುತ್ತಿಗೆಯ ಗುರುತಿನ ಚೀಟಿ ತೆಗೆದುಕೊಂಡು ಪ್ರೇಕ್ಷಕರ ಸಾಲಿಗೆ ಕಳಿಸಿದರು. ಅಲ್ಲಿ ಕಾಲು ಒಂದು ಕಡೆ ನಿಲ್ಲಲಿಲ್ಲ. ಮುಂದಿನ ಕುರ್ಚಿಯವರು ಎರಡು ಸಲ ತಿರುಗಿ ನೋಡಿದರು.

“ನೀಲಿ, ಎರಡು ತಪ್ಪು,” ಎಂದು ರೆಫ್ರಿ ಕೂಗಿದ. ಹುಡುಗಿ ತಲೆಯಾಡಿಸಿದಳು. ಈಗ ಕಾಲ ತಳ್ಳುವಂತಿಲ್ಲ ಎಂದು ಅವಳಿಗೆ ಗೊತ್ತಿತ್ತು. ನುಗ್ಗಿದಳು. ಎದುರಾಳಿ ಅದನ್ನೇ ಕಾಯುತ್ತಿದ್ದಳೋ ಏನೋ, ನುಗ್ಗಿದ ರಭಸವನ್ನೇ ಹಿಡಿದು ಎತ್ತಿ ಹಾಕಿದಳು. ಬೆನ್ನು ಪೂರ್ತಿ ಮ್ಯಾಟಿಗೆ ಬಡಿಯಿತು. ಪೂರ್ತಿ ಅಂಕ. ಹನ್ನೊಂದೇ ಸೆಕೆಂಡಿನಲ್ಲಿ ಆಟ ಮುಗಿಯಿತು.

ನಾನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ. ಪಟ್ಟಿಯಿಂದ ನನ್ನ ಹೆಸರೂ ಹೋಯಿತು, ಅವಳಿಗೂ ಏನೂ ದಕ್ಕಲಿಲ್ಲ.

ಅಕ್ಕನ ಮೊಣಕೈ ಹಿಡಿದು ಅವಳು ನನ್ನ ಸಾಲಿನ ಪಕ್ಕದಲ್ಲೇ ಬಂದಳು. ಅಕ್ಕ ನಿಂತು ಅವಳ ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿ ನನ್ನ ಕಡೆ ತಿರುಗಿದಳು. ಉಸಿರು ಇನ್ನೂ ಮೇಲೆ ಕೆಳಗೆ ಆಗುತ್ತಿತ್ತು.

“ಬೆಳಿಗ್ಗೆ ನೀವು ಸೋಲಿಸಿದ್ರಿ ಸರ್. ಈಗ ನಾನೇ ಸೋತೆ.”

ನಾನು ತಲೆಯಾಡಿಸಿದೆ. ಅವಳು ಕಾಯುತ್ತ ನಿಂತೇ ಇದ್ದಳು.

“ಹೌದಮ್ಮ,” ಎಂದೆ, ಗಟ್ಟಿಯಾಗಿ.